ಉಸ್ಮಾನಿಯಾದ ಕಂಬಗಳಲ್ಲಿ ಎಲ್ಲೋರ

ಗುರುವಾರ

ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ನಸುಕು ಹರಿಯುವ ಹೊತ್ತಿಗೆ ನಮ್ಮನ್ನು ಕಾಚಿಗುಡ ನಿಲ್ದಾಣದಲ್ಲಿ ಇಳಿಸಿತು. ಜೊತೆಗೆ ತಮ್ಮ ಇದ್ದ. ಅವನು ಸಿವಿಲ್ ಎಂಜಿನಿಯರ್, ಯಾವ ಕಟ್ಟಡ ಕಂಡರೂ ಮೊದಲು ಗೋಡೆಯ ದಪ್ಪ ನೋಡುವವನು. ನಾನು ಇತಿಹಾಸ ಪಾಠ ಮಾಡುವವಳು, ಕಟ್ಟಿಸಿದವರು ಯಾರು, ಏಕೆ ಎಂದು ಕೇಳುವವಳು. ಮದುವೆ, ಆಸ್ಪತ್ರೆ ಎಂದು ಹೈದರಾಬಾದಿಗೆ ಹಿಂದೆ ಬಂದು ಹೋದದ್ದುಂಟು. ಈ ಸಲ ಬಂದದ್ದು ಒಂದೇ ಒಂದು ಕಟ್ಟಡಕ್ಕಾಗಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜಿಗಾಗಿ.

ನಮ್ಮದು ಸೇಡಂ ಕಡೆಯ ಮನೆತನ. ದೊಡ್ಡಪ್ಪ ಉಸ್ಮಾನಿಯಾದಲ್ಲಿ ಓದಿದವರಾದ್ದರಿಂದ ಆ ಹೆಸರು ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು. ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ಹಳೆಯ ತಲೆಮಾರಿನ ಎಷ್ಟೋ ವಕೀಲರು, ಶಿಕ್ಷಕರು, ಅಧಿಕಾರಿಗಳು ಅದೇ ವಿಶ್ವವಿದ್ಯಾಲಯದ ಪದವೀಧರರು. 'ಕಾವ್ಯಾನಂದ' ಸಿದ್ಧಯ್ಯ ಪುರಾಣಿಕರು ಅಲ್ಲಿ ಓದಿದವರು. ಮುಖ್ಯಮಂತ್ರಿಗಳಾಗಿದ್ದ ವೀರೇಂದ್ರ ಪಾಟೀಲರು, ಧರ್ಮಸಿಂಗ್ ಅವರೂ ಅಲ್ಲಿಯವರೇ. ಆದರೂ ಕನ್ನಡಿಗರು ವಿಶ್ವವಿದ್ಯಾಲಯದ ಕಟ್ಟಡಗಳ ಮಾತು ತೆಗೆದರೆ ಮೈಸೂರಿನ ಕ್ರಾಫರ್ಡ್ ಹಾಲ್, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜಿಗೆ ನಿಲ್ಲುತ್ತಾರೆ. ಮೂರು ಜಿಲ್ಲೆಗಳ ಕನ್ನಡಿಗರು ಮೂರು ದಶಕ ಓದಲು ಹೋದ ಊರು ಯಾವುದು, ಅಲ್ಲಿನ ಕಟ್ಟಡ ಎಂಥದು ಎಂದು ಯಾರೂ ಕೇಳುವುದಿಲ್ಲ. ಇದು ನನಗೆ ಬಹಳ ದಿನಗಳಿಂದ ಇರುವ ಬೇಸರ.

ಕಾಚಿಗುಡ ನಿಲ್ದಾಣವನ್ನೇ ಮೊದಲು ನೋಡಬೇಕು. ಹೊರಗೆ ಬಂದವರೆಲ್ಲ ಆಟೊ ಹಿಡಿಯುವ ಆತುರದಲ್ಲಿ ಹಿಂತಿರುಗಿ ನೋಡುವುದಿಲ್ಲ. ನೋಡಿದರೆ ಗೋಪುರ, ಗುಮ್ಮಟ, ಚೂಪು ಕಮಾನುಗಳ ಒಂದು ಸೊಗಸಾದ ಮುಖ ಕಾಣುತ್ತದೆ. 1916ರಲ್ಲಿ ಕಟ್ಟಿದ್ದು, ನಿಜಾಮರ ರೈಲ್ವೆಯ ಕೇಂದ್ರವಾಗಿದ್ದದ್ದು. ವಿನ್ಯಾಸ ಮಾಡಿದವರು ವಿನ್ಸೆಂಟ್ ಎಶ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ. ಮೂಸಿ ನದಿಯ ದಂಡೆಯ ಹೈಕೋರ್ಟು, ಉಸ್ಮಾನಿಯಾ ಆಸ್ಪತ್ರೆ, ಸಿಟಿ ಕಾಲೇಜುಗಳೂ ಅವರ ಕೈಯವೇ. ಶನಿವಾರ ಅವುಗಳನ್ನು ನೋಡುವುದೆಂದು ಲೆಕ್ಕ ಹಾಕಿಕೊಂಡು ವಸತಿಗೃಹಕ್ಕೆ ಹೋದೆವು.

ಸಂಜೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ನಡೆದೆವು. ಹೈದರಾಬಾದಿನ ಕನ್ನಡಿಗರ ಬೇರು ಇರುವುದು ಈ ಬೀದಿಗಳಲ್ಲಿ. ನೃಪತುಂಗನ ಹೆಸರಿನ ಕನ್ನಡ ಶಾಲೆಯೂ ಇಲ್ಲಿಯೇ ಇದೆ. ಎಂಬತ್ತು ದಾಟಿದ ಹಿರಿಯರೊಬ್ಬರ ಪರಿಚಯವಾಯಿತು, ಯಾದಗಿರಿ ಕಡೆಯವರು. ನಾವು ಬಂದ ಕಾರಣ ಕೇಳಿ ಕುರ್ಚಿ ಎಳೆದುಕೊಂಡು ಕುಳಿತರು.

"ಆರ್ಟ್ಸ್ ಕಾಲೇಜು ನೋಡಲಿಕ್ಕೆಂದೇ ಬಂದಿರಾ? ಹಾಗಾದರೆ ನನ್ನ ಮಾತು ಕೇಳು ತಂಗಿ, ನಾಳೆ ಬೆಳಗಾಗುತ್ತಲೇ ಹೋಗು. ಬಿಸಿಲು ಏರಿದ ಮೇಲೆ ಆ ಕಲ್ಲಿನ ಬಣ್ಣ ಸಿಗುವುದಿಲ್ಲ."

"ತಾವು ಯಾವ ಕಾಲಕ್ಕೆ ಓದಿದಿರಿ, ಅಜ್ಜಾ?"

"ಅರವತ್ತರ ಆಸುಪಾಸು. ಅಷ್ಟೊತ್ತಿಗೆ ಪಾಠ ಇಂಗ್ಲಿಷಿನಲ್ಲಿ. ನಮ್ಮ ತಂದೆಯವರ ಕಾಲದಲ್ಲಿ ಎಲ್ಲವೂ ಉರ್ದು. ಅವರು ಮನೆಯ ಲೆಕ್ಕವನ್ನೂ ಉರ್ದುವಿನಲ್ಲೇ ಬರೆಯುತ್ತಿದ್ದರು, ವಚನ ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದರು."

ಅವರ ಈ ಎರಡು ಸಾಲಿನಲ್ಲಿ ವಿಶ್ವವಿದ್ಯಾಲಯದ ಅರ್ಧ ಚರಿತ್ರೆ ಇದೆ.

ಶುಕ್ರವಾರ

ಕಾಚಿಗುಡದಿಂದ ಸಿಕಂದರಾಬಾದಿನ ಕಡೆ ಹೋಗುವ ಲೋಕಲ್ ರೈಲಿನಲ್ಲಿ ಕುಳಿತರೆ ವಿದ್ಯಾನಗರ, ಜಾಮಿಯಾ ಉಸ್ಮಾನಿಯಾ, ಆಮೇಲೆ ಆರ್ಟ್ಸ್ ಕಾಲೇಜು. ಒಂದು ಕಾಲೇಜಿನ ಹೆಸರಿನಲ್ಲೇ ರೈಲು ನಿಲ್ದಾಣ. ಇಳಿದು ಮರಗಳ ನಡುವಿನ ರಸ್ತೆಯಲ್ಲಿ ನಡೆದು ತಿರುವು ದಾಟಿದೆವು. ಹುಲ್ಲುಹಾಸಿನ ಆಚೆ, ಅಗಲವಾದ ಮೆಟ್ಟಿಲುಗಳ ಮೇಲೆ ಕಟ್ಟಡ ನಿಂತಿತ್ತು.

ಚಿತ್ರಗಳಲ್ಲಿ ನೋಡಿದವರಿಗೆ ಅದರ ಗಾತ್ರದ ಅಂದಾಜು ಆಗುವುದಿಲ್ಲ. ಮೆಟ್ಟಿಲಿನ ಮೇಲೆ ಪುಸ್ತಕ ಹಿಡಿದು ಕುಳಿತಿದ್ದ ಹುಡುಗಿಯನ್ನು ನೋಡಿ, ಆಮೇಲೆ ಅವಳ ಬೆನ್ನ ಹಿಂದಿನ ಕಮಾನನ್ನು ನೋಡಿದಾಗ ನನಗೆ ಅದು ಮನಸ್ಸಿಗೆ ಬಂತು. ನಡುವೆ ಒಂದು ದೊಡ್ಡ ಚೌಕಟ್ಟು. ಅದರೊಳಗೆ ಎರಡು ಅಂತಸ್ತಿಗೂ ಮೀರಿ ಏರಿದ ಮೊನಚು ಕಮಾನು. ಎಡಬಲಕ್ಕೆ ಉದ್ದಕ್ಕೆ ಚಾಚಿದ ತೋಳುಗಳು. ನೆತ್ತಿಯ ಮೇಲೆ ದೊಡ್ಡ ಗುಮ್ಮಟವಿಲ್ಲ, ಆಕಾಶಕ್ಕೆ ಚುಚ್ಚುವ ಮಿನಾರುಗಳಿಲ್ಲ. ನೆಲಕ್ಕೆ ಭದ್ರವಾಗಿ ಕುಳಿತ ಕಟ್ಟಡ ಇದು. ಹಿರಿಯರು ಹೇಳಿದ್ದ ಬಣ್ಣ ಆ ಹೊತ್ತಿನಲ್ಲಿ ನಿಜಕ್ಕೂ ಇತ್ತು. ಕಲ್ಲು ತಿಳಿಗೆಂಪು, ಎಳೆಬಿಸಿಲು ಬಿದ್ದ ಕಡೆ ಇನ್ನೂ ಕೆಂಪಗೆ. ಒಂಬತ್ತು ಗಂಟೆಯ ಹೊತ್ತಿಗೆ ಅದೇ ಗೋಡೆ ಬೂದಿಗೆ ತಿರುಗಿತು.

ತಮ್ಮ ಗೋಡೆಗೆ ಕೈ ಇಟ್ಟು ನಿಂತಿದ್ದ. "ಅಕ್ಕಾ, ಇದು ಗ್ರಾನೈಟ್. ಮರಳುಗಲ್ಲೋ ಬಳಪದ ಕಲ್ಲೋ ಆಗಿದ್ದರೆ ಉಳಿ ಹೇಳಿದ ಹಾಗೆ ಕೇಳುತ್ತದೆ. ಇದು ಕೇಳುವುದಿಲ್ಲ. ಇದರಲ್ಲಿ ಇಷ್ಟು ನುಣುಪು ಅಂಚು ತೆಗೆಯಬೇಕಾದರೆ ಕೆಲಸಗಾರನ ತೋಳು ಎಷ್ಟು ಸೋತಿರಬೇಡ!" ಹತ್ತಿರದಿಂದ ನೋಡಿದೆ. ಕಲ್ಲಿನ ಮೈಯಲ್ಲಿ ಗುಲಾಬಿ ಹರಳು, ಬಿಳಿ ಹರಳು, ನಡುನಡುವೆ ಕಪ್ಪು ಚುಕ್ಕೆ. ಎರಡು ಕಲ್ಲು ಕೂಡುವಲ್ಲಿ ಉಗುರು ಹೋಗುವಷ್ಟೂ ಸಂದಿಲ್ಲ. ಕೆಳಗಿನ ಸಾಲಿನ ಒಂದು ಕಲ್ಲಿನಲ್ಲಿ ಚಾಣದ ಏಟುಗಳು ಓರೆಯಾಗಿ, ಒಂದರ ಪಕ್ಕ ಒಂದು, ಹಾಗೇ ಉಳಿದಿದ್ದವು. ಯಾವ ಕೈ ಹೊಡೆದದ್ದೋ, ಗೋಡೆಯ ಮೇಲೆ ಅವನ ಹೆಸರಿಲ್ಲ. ಹೈದರಾಬಾದಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಊರ ಸುತ್ತ ಒಂದರ ಮೇಲೊಂದು ಕೂತಿರುವ ಆ ಗುಂಡುಗಳ ಕುಲದ ಕಲ್ಲೇ ಇದು. ವಿನ್ಯಾಸ ಹೊರಗಿನಿಂದ ಬಂದಿರಬಹುದು, ಮೈ ಮಾತ್ರ ಇಲ್ಲಿನದು.

ಕಟ್ಟಿದ ಕಥೆ ಹೀಗಿದೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ವಿಶ್ವವಿದ್ಯಾಲಯದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟದ್ದು 1917ರಲ್ಲಿ. ಅದನ್ನು ಮುಂದಿಟ್ಟವರು ಸಂಸ್ಥಾನದ ಅಧಿಕಾರಿ ಅಕ್ಬರ್ ಹೈದರಿ. ವಿಶ್ವವಿದ್ಯಾಲಯದ ಸ್ಥಾಪನೆ 1918, ತರಗತಿಗಳು ಶುರುವಾದದ್ದು 1919, ಅದೂ ಊರೊಳಗಿನ ಬಂಗಲೆಗಳಲ್ಲಿ. ದೊಡ್ಡ ಜಾಗ ಬೇಕೆಂದಾಗ ನಗರ ಯೋಜನೆಯ ಹೆಸರಾಂತ ತಜ್ಞ ಪ್ಯಾಟ್ರಿಕ್ ಗೆಡ್ಡೆಸ್ ಅವರನ್ನು ಕರೆಸಿದರು, ಅವರು ಜಾಗಗಳನ್ನು ಸುತ್ತಿ ನೋಡಿ 1923ರಲ್ಲಿ ವರದಿ ಕೊಟ್ಟರು. ಕೊನೆಗೆ ಗೊತ್ತಾದದ್ದು ಅಡಿಕ್‌ಮೆಟ್, ಸುಮಾರು 1,400 ಎಕರೆ. ಸಂಸ್ಥಾನದ ವಾಸ್ತುಶಿಲ್ಪಿ ಜೈನ್ ಯಾರ್ ಜಂಗ್ ಮತ್ತು ಸೈಯದ್ ಅಲಿ ರಜಾ ಅವರನ್ನು ಹೊರದೇಶಗಳಿಗೆ ಕಳಿಸಿ, ಹೆಸರಾದ ವಿಶ್ವವಿದ್ಯಾಲಯಗಳ ಕಟ್ಟಡಗಳನ್ನು ನೋಡಿಬರಲು ಹೇಳಿದರು. ನಕ್ಷೆ ಬರೆದವರು ಬೆಲ್ಜಿಯಮ್ಮಿನ ಅರ್ನೆಸ್ಟ್ ಜಾಸ್ಪರ್. ಕೈರೊ ಪಕ್ಕದ ಹೀಲಿಯೊಪೊಲಿಸ್ ಅರಮನೆ ಹೋಟೆಲನ್ನು ವಿನ್ಯಾಸ ಮಾಡಿ ಆಗಲೇ ಹೆಸರಾಗಿದ್ದವರು. 1934ರ ಜುಲೈ 5ರಂದು ನಿಜಾಮರು ಶಂಕುಸ್ಥಾಪನೆ ಮಾಡಿದರು. ಜಾಸ್ಪರ್ ಹೊರಟುಹೋದ ಮೇಲೆ ಜೈನ್ ಯಾರ್ ಜಂಗ್ ನಿಂತು ಕೆಲಸ ಮುಗಿಸಿದರು. 1939ರ ಡಿಸೆಂಬರ್ 4ರಂದು ಉದ್ಘಾಟನೆಯಾಯಿತು. 164 ಕೋಣೆಗಳು, ಸುಮಾರು ಎರಡೂವರೆ ಲಕ್ಷ ಚದರ ಅಡಿ. ಐದೂವರೆ ವರ್ಷದೊಳಗೆ ಇಷ್ಟು ಗ್ರಾನೈಟ್ ಕೆತ್ತಿ ಏರಿಸಿದ್ದಾರೆ ಎಂದಾಗ ತಮ್ಮ ಇನ್ನೊಮ್ಮೆ ತಲೆ ಎತ್ತಿ ಕಮಾನಿನ ತುದಿಯವರೆಗೂ ನೋಡಿದ.

ಆ ನಡುಗಮಾನನ್ನು ನೋಡಿದವರಿಗೆ ಕೈರೊದ ಸುಲ್ತಾನ್ ಹಸನ್ ಮದರಸಾ ನೆನಪಾಗುವುದು ಸಹಜ. ಹದಿನಾಲ್ಕನೆಯ ಶತಮಾನದ ಆ ಕಟ್ಟಡದ ಹೆಬ್ಬಾಗಿಲಿಗೂ ಇದೇ ಬಗೆಯ ಎತ್ತರ, ಇದೇ ಗಾಂಭೀರ್ಯ. ಅದೂ ವಿದ್ಯಾಶಾಲೆಯೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಮಾನಲ್ಲ, ಕಂಬಗಳು. ಗಿಡ್ಡವಾದ, ದಪ್ಪನೆಯ ಕಂಬ. ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಅಡ್ಡ ತೊಲೆ. ಇದು ಕಮಾನಿನ ವಂಶದ್ದಲ್ಲ. ಕಮಾನು ಭಾರವನ್ನು ಎರಡು ಪಕ್ಕಕ್ಕೆ ಹಂಚಿ ಇಳಿಸುತ್ತದೆ. ಕಂಬ ಮತ್ತು ತೊಲೆಯ ಕಟ್ಟಡದಲ್ಲಿ ಭಾರ ನೆಟ್ಟಗೆ ತಲೆಯ ಮೇಲೆ ಕೂರುತ್ತದೆ. ಮೊದಲನೆಯದು ಇಸ್ಲಾಮಿ ನಾಡುಗಳಲ್ಲಿ ಬೆಳೆದ ವಿದ್ಯೆ. ಎರಡನೆಯದು ನಮ್ಮ ಗುಹಾಲಯ, ದೇವಾಲಯಗಳದು. ಇಲ್ಲಿ ಎರಡೂ ಒಂದೇ ಗೋಡೆಯಲ್ಲಿ ಇವೆ.

ಕಂಬಗಳ ಈ ರೂಪ ಅಜಂತಾ, ಎಲ್ಲೋರಗಳಿಂದ ಬಂದದ್ದೆಂದು ಕಟ್ಟಡದ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಅದರಲ್ಲಿ ಆಶ್ಚರ್ಯವಿಲ್ಲ. ಔರಂಗಾಬಾದ್ ಆಗ ನಿಜಾಮರ ಸಂಸ್ಥಾನದಲ್ಲಿತ್ತು, ಎರಡು ಗುಹಾಸಮೂಹಗಳೂ ಅಲ್ಲಿಯೇ ಇದ್ದವು. 1914ರಲ್ಲಿ ಸಂಸ್ಥಾನ ಪುರಾತತ್ವ ಇಲಾಖೆ ತೆರೆಯಿತು. ಅದರ ಮುಖ್ಯಸ್ಥ ಗುಲಾಂ ಯಜ್ದಾನಿ ಇಟಲಿಯ ತಜ್ಞರನ್ನು ಕರೆಸಿ ಅಜಂತಾದ ಚಿತ್ರಗಳು ಉದುರದಂತೆ ಉಳಿಸುವ ಕೆಲಸ ಮಾಡಿಸಿದರು. ಅಂದರೆ ಈ ಕಾಲೇಜಿನ ನಕ್ಷೆ ತಯಾರಾಗುವ ಹೊತ್ತಿಗೆ ಎಲ್ಲೋರದ ಕಂಬ ಹೇಗಿದೆ ಎಂದು ಚೆನ್ನಾಗಿ ಬಲ್ಲವರು ಹೈದರಾಬಾದಿನಲ್ಲೇ ಇದ್ದರು.

ಆದರೆ ಇದನ್ನು ಬರೆದವರು ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾದವರು ನಾವು. ಎಲ್ಲೋರದ ಕೈಲಾಸನಾಥವನ್ನು ಬೆಟ್ಟದಿಂದ ಕಡೆದು ತೆಗೆಸಿದವನು ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ. ಅದೇ ವಂಶದ ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ ಆಳಿದ. ಮಾನ್ಯಖೇಟವೆಂದರೆ ಮಳಖೇಡ, ನಮ್ಮ ಸೇಡಂ ತಾಲೂಕಿನ ಊರು. ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ನಮಗೆ ಉಳಿದುಬಂದ ಮೊದಲ ಕನ್ನಡ ಗ್ರಂಥ. ಕಾಗಿಣಾ ನದಿಯ ದಂಡೆಯಿಂದ ಟ್ರಂಕು ಹೊತ್ತು ಇಲ್ಲಿಗೆ ಬಂದ ಹುಡುಗ ಈ ಕಂಬಕ್ಕೆ ಒರಗಿ ಉರ್ದು ಪಾಠ ಬಾಯಿಪಾಠ ಮಾಡುತ್ತಿದ್ದಾಗ, ತನ್ನ ಊರಿನ ಅರಸರ ಕಾಲದ ಶಿಲ್ಪದ ಮೊಮ್ಮಗುವಿಗೆ ಒರಗಿದ್ದೇನೆ ಎಂದು ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ದೊಡ್ಡಪ್ಪನಿಗೆ ಯಾರೂ ಹೇಳಿರಲಿಲ್ಲ ಎಂಬುದು ನನಗೆ ಗೊತ್ತು. ಅವರು ಕಾಲೇಜಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಕಂಬಗಳ ಮಾತು ಒಮ್ಮೆಯೂ ಬಂದಿಲ್ಲ.

ಒಳಗೆ ಹೋದೆವು. ಎತ್ತರದ ಹಜಾರ, ಸುತ್ತ ಮೇಲಂತಸ್ತಿನಿಂದ ಇಣುಕುವ ಮೊಗಸಾಲೆ. ಹೊರಗಿನ ಸೆಕೆ ಬಾಗಿಲಲ್ಲೇ ನಿಂತಿತು. ದಪ್ಪ ಗೋಡೆ, ಎತ್ತರದ ಚಾವಣಿ, ಗಾಳಿ ಹರಿಯುವ ಉದ್ದದ ಓಣಿಗಳು. ಫ್ಯಾನಿಲ್ಲದ ಕಾಲದಲ್ಲಿ ಏಪ್ರಿಲ್ ತಿಂಗಳಲ್ಲಿ ಇಲ್ಲಿ ಪರೀಕ್ಷೆ ಬರೆದವರ ಮೇಲೆ ಕಟ್ಟಡ ಕರುಣೆ ತೋರಿದೆ. ಓಣಿಯ ಗೋಡೆಗಳ ಮೇಲೆ ವಿದ್ಯಾರ್ಥಿ ಸಂಘಟನೆಗಳ ಭಿತ್ತಿಪತ್ರಗಳು, ಒಂದರ ಮೇಲೊಂದು. ಪುರಾತನ ಕಟ್ಟಡಕ್ಕೆ ಹೀಗೆ ಅಂಟಿಸಬಹುದೇ ಎಂದು ತಮ್ಮ ಮುಖ ಗಂಟಿಕ್ಕಿದ. ನನಗೆ ಹಾಗನ್ನಿಸಲಿಲ್ಲ. ಈ ಕಟ್ಟಡ ವಸ್ತುಸಂಗ್ರಹಾಲಯವಾಗಿಲ್ಲ, ಇನ್ನೂ ಕಾಲೇಜು. 1969ರಲ್ಲಿ, ಮತ್ತೆ 2009ರಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಹುಡುಗರು ಸೇರಿದ್ದು ಇದರ ಮುಂದೆಯೇ. 2014ರ ಜೂನ್ 2ರಂದು ರಾಜ್ಯ ಬಂತು. ಆ ಮೆಟ್ಟಿಲುಗಳು ತೆಲಂಗಾಣದವರಿಗೆ ಏನೆಂಬುದು ಅಲ್ಲಿ ಅರ್ಧ ತಾಸು ಕುಳಿತು ಹುಡುಗರ ಮಾತು ಕೇಳಿದರೆ ತಿಳಿಯುತ್ತದೆ.

ಮಧ್ಯಾಹ್ನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ನನಗೆ ಮಾತ್ರ ಒಂದು ವಿಷಯ ಊಟದ ಜೊತೆ ಇಳಿಯಲಿಲ್ಲ. ಈ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಮೊದಲು ಉರ್ದುವಾಗಿತ್ತು. ಭಾರತದ ನುಡಿಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಮೊದಲ ಆಧುನಿಕ ವಿಶ್ವವಿದ್ಯಾಲಯ ಇದು. ಪಠ್ಯಪುಸ್ತಕಗಳಿಗಾಗಿ ಒಂದು ಅನುವಾದ ಸಂಸ್ಥೆಯನ್ನೇ ಕಟ್ಟಿ, ಉರ್ದು ವಿದ್ವಾಂಸ ಮೌಲ್ವಿ ಅಬ್ದುಲ್ ಹಕ್ ಅವರ ಕೈಗೆ ಕೊಟ್ಟರು. ವೈದ್ಯ, ಎಂಜಿನಿಯರಿಂಗ್, ಕಾನೂನು, ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಿ ತೋರಿಸಿದರು. 1916ರಲ್ಲಿ ಶುರುವಾದ ನಮ್ಮ ಮೈಸೂರು ವಿಶ್ವವಿದ್ಯಾಲಯ ಆಗ ಇಂಗ್ಲಿಷಿನಲ್ಲೇ ಪಾಠ ಹೇಳುತ್ತಿತ್ತು. ನಮ್ಮ ನುಡಿಯಲ್ಲಿ ವಿಜ್ಞಾನ ಆಗುವುದಿಲ್ಲ ಎಂದು ಇವತ್ತಿಗೂ ವಾದಿಸುವವರಿಗೆ ಈ ಕಾಲೇಜು ಗಟ್ಟಿ ಉತ್ತರ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಸಂಸ್ಥಾನದ ಅರ್ಧದಷ್ಟು ಜನ ತೆಲುಗಿನವರು, ಕಾಲುಭಾಗ ಮರಾಠಿಯವರು, ಹತ್ತರಲ್ಲಿ ಒಂದು ಪಾಲಿಗೂ ಮಿಕ್ಕು ಕನ್ನಡದವರು. ಉರ್ದು ಮನೆಮಾತಾಗಿದ್ದವರೂ ಹತ್ತರಲ್ಲಿ ಒಂದು ಪಾಲಿನಷ್ಟೇ. ಹಳ್ಳಿಯಲ್ಲಿ ಕನ್ನಡದಲ್ಲಿ ಬೆಳೆದ ಹುಡುಗ ಮೇಲೆ ಓದಬೇಕಾದರೆ ಮೊದಲು ಉರ್ದುವಿನ ಹೊಳೆ ದಾಟಬೇಕು. ದಾಟಿದವರು ಪುಣ್ಯವಂತರು, ದಾಟಲಾಗದೆ ಉಳಿದವರ ಲೆಕ್ಕ ಇಟ್ಟವರಿಲ್ಲ. ಕನ್ನಡ, ತೆಲುಗು, ಮರಾಠಿಗಳಿಗೆ ಒಂದು ವಿಷಯವಾಗಿ ಓದುವಷ್ಟು ಜಾಗ ಇತ್ತು. ಡಿ.ಕೆ. ಭೀಮಸೇನರಾಯರು ಇಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಆ ಜಾಗವನ್ನು ಕಾಪಾಡಿದರು. ಕಲ್ಲಿನಲ್ಲಿ ಕಮಾನು, ಕಂಬ ಎರಡಕ್ಕೂ ಸಮನಾಗಿ ಎಡೆ ಕೊಟ್ಟವರು ತರಗತಿಯ ಮಾತಿನಲ್ಲಿ ಒಂದಕ್ಕೇ ಪಟ್ಟ ಕಟ್ಟಿದರು. ಕಟ್ಟಡದಷ್ಟು ವಿಶಾಲ ಮನಸ್ಸು ನಿಯಮಕ್ಕೆ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದರ ಸಾಕ್ಷಿ 1938. ಕಟ್ಟಡ ಇನ್ನೂ ಏರುತ್ತಿದ್ದಾಗ, ಆ ವರ್ಷದ ನವೆಂಬರಿನಲ್ಲಿ, ವಿದ್ಯಾರ್ಥಿನಿಲಯದ ಹುಡುಗರು 'ವಂದೇ ಮಾತರಂ' ಹಾಡಿದರು. ಹಾಡಬಾರದೆಂದು ಅಪ್ಪಣೆಯಾಯಿತು. ಅವರು ನಿಲ್ಲಿಸಲಿಲ್ಲ. ಹಾಡಿದವರನ್ನು ಹೊರಹಾಕಿದರು, ಚಳವಳಿ ಸಂಸ್ಥಾನದ ಬೇರೆ ಕಾಲೇಜುಗಳಿಗೂ ಹಬ್ಬಿತು. ಹೊರಬಿದ್ದವರಲ್ಲಿ ಬಹಳ ಮಂದಿಯನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾಯರು ಅವರಲ್ಲೊಬ್ಬರು. ಹತ್ತು ವರ್ಷದ ಮೇಲೆ, 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಅದರ ಹಿಂದೆಯೇ ಮಾಧ್ಯಮ ಇಂಗ್ಲಿಷಾಯಿತು. ಉರ್ದುವಿನ ಜೊತೆ ಕನ್ನಡ, ತೆಲುಗು, ಮರಾಠಿಗಳನ್ನೂ ಸಾಲಿನಲ್ಲಿ ಕೂರಿಸುವ ದಾರಿ ಅಂದು ತೆರೆದಿತ್ತು. ಅದನ್ನು ಯಾರೂ ಹಿಡಿಯಲಿಲ್ಲ. ಮೂವತ್ತು ವರ್ಷ ಕಷ್ಟಪಟ್ಟು ಅನುವಾದಿಸಿದ ಪುಸ್ತಕಗಳು ಕಪಾಟಿನಲ್ಲಿ ಉಳಿದುಹೋದವು. ಈ ನಷ್ಟವೂ ನನ್ನನ್ನು ಕಾಡುತ್ತದೆ.

ಶನಿವಾರ

ಬೆಳಿಗ್ಗೆ ಮತ್ತೆ ಆವರಣಕ್ಕೆ ಹೋದೆವು, ಮಹ್ ಲಕಾ ಬಾಯಿಯ ಬಾವಿಯ ಜಾಡು ಹಿಡಿದು. ಅಡಿಕ್‌ಮೆಟ್ಟಿನ ಈ ನೆಲ ಒಂದು ಕಾಲಕ್ಕೆ ಆಕೆಯ ಜಹಗೀರು. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡ ಆಕೆ ನಿಜಾಮರ ದರಬಾರಿನ ನರ್ತಕಿ, ಕವಯಿತ್ರಿ, ರಾಜಕಾರಣ ಬಲ್ಲವಳು. ಉರ್ದುವಿನಲ್ಲಿ ಗಜಲ್‌ಗಳ ಸಂಕಲನ ಹೊರತಂದ ಮೊದಲ ಹೆಂಗಸರಲ್ಲಿ ಆಕೆಯ ಹೆಸರು ಬರುತ್ತದೆ. ಆಕೆಯ ಸಮಾಧಿ ಮೌಲಾ ಅಲಿ ಗುಡ್ಡದ ಬುಡದಲ್ಲಿದೆ. ಕಲ್ಲಿನ ಮೆಟ್ಟಿಲುಬಾವಿ ಈ ಆವರಣದಲ್ಲಿ ಉಳಿದಿದೆ. ವಿಶ್ವವಿದ್ಯಾಲಯ ಕಾಲಿಡುವ ನೂರು ವರ್ಷ ಮೊದಲೇ ಈ ಮಣ್ಣಿನಲ್ಲಿ ಓದುಬರಹ ಬಲ್ಲ ಹೆಂಗಸೊಬ್ಬಳ ಒಡೆತನ ನಡೆದಿತ್ತು. ಆವರಣದ ಹೆಸರುಗಳಲ್ಲಿ ಆಕೆಗೆ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು.

ಉಳಿದ ಹೊತ್ತು ಮೂಸಿಯ ದಂಡೆಯಲ್ಲಿ. 1908ರ ಸೆಪ್ಟೆಂಬರಿನ ನೆರೆ ಊರಿನ ದೊಡ್ಡ ಭಾಗವನ್ನು ಕೊಚ್ಚಿಕೊಂಡು ಹೋದ ಮೇಲೆ ಹೈದರಾಬಾದ್ ತನ್ನನ್ನು ಹೊಸದಾಗಿ ಕಟ್ಟಿಕೊಂಡಿತು. ಎಶ್ ಅವರ ಹೈಕೋರ್ಟು 1920ರಲ್ಲಿ ಬಳಕೆಗೆ ಬಂತು. ಗುಮ್ಮಟಗಳ ಮೇಲೆ ಗುಮ್ಮಟ, ಜಾಲಂದ್ರ, ಕೆಂಪು ಕಲ್ಲು, ಕಣ್ಣಿಗೆ ಬೇಕಾದಷ್ಟು ಅಲಂಕಾರ. ಎದುರು ದಂಡೆಯ ಆಸ್ಪತ್ರೆಯೂ ಹಾಗೆಯೇ. ಚೆಲುವಾದ ಕಟ್ಟಡಗಳು, ಒಪ್ಪುತ್ತೇನೆ. ಆದರೆ ಆರ್ಟ್ಸ್ ಕಾಲೇಜು ನೋಡಿ ಬಂದ ಕಣ್ಣಿಗೆ ಇವು ಒಂದೇ ಉಸಿರಿನಲ್ಲಿ ಬಹಳ ಹೇಳುತ್ತವೆ ಅನಿಸಿತು. ಆ ಕಾಲದ ಬ್ರಿಟಿಷ್ ವಾಸ್ತುಶಿಲ್ಪಿಗಳು ಭಾರತದ ಅಲಂಕಾರವನ್ನು ಹೊರಮೈಗೆ ತೊಡಿಸಿದರು. ಹದಿನೈದು ವರ್ಷದ ಮೇಲೆ ಅಡಿಕ್‌ಮೆಟ್ಟಿನಲ್ಲಿ ಅಲಂಕಾರವನ್ನು ಇಳಿಸಿ, ಕಂಬ, ತೊಲೆ, ಕಮಾನುಗಳನ್ನೇ ಮಾತಾಡಲು ಬಿಟ್ಟರು. ತಮ್ಮನೂ ಇದನ್ನು ಒಪ್ಪಿದ. ಅವನ ಕಾರಣ ಬೇರೆ: ಅಲ್ಲಿ ಯಾವ ಕಲ್ಲು ಭಾರ ಹೊತ್ತಿದೆ ಎಂದು ಕೆಳಗೆ ನಿಂತೇ ಹೇಳಬಹುದು.

ಹಿಂತಿರುಗುವಾಗ ಇರಾನಿ ಚಹಾದ ಅಂಗಡಿಯಲ್ಲಿ ಉಸ್ಮಾನಿಯಾ ಬಿಸ್ಕತ್ತು ತಿಂದೆವು. ತುಸು ಸಿಹಿ, ತುಸು ಉಪ್ಪು, ನಾಲಿಗೆಯ ಮೇಲೆ ಇಟ್ಟರೆ ಕರಗುವಂಥದು. ನಿಜಾಮರ ಹೆಸರು ಊರಿನವರ ಬಾಯಲ್ಲಿ ಅತಿ ಹೆಚ್ಚು ಉಳಿದಿರುವುದು ಬಹುಶಃ ಇದರಿಂದಲೇ.

ಭಾನುವಾರ

ಊರಿಗೆ ಮರಳುವ ದಾರಿಯನ್ನು ಬೀದರಿನ ಮೇಲೆ ಹಾಕಿಕೊಂಡಿದ್ದೆವು. ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಿಂದ ಹೊರಟ ಬಸ್ಸು ಸಂಗಾರೆಡ್ಡಿ, ಜಹೀರಾಬಾದ್ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಗುಂಡುಕಲ್ಲುಗಳು ಹಿಂದೆ ಉಳಿದವು, ಬೀದರಿನ ಕೆಮ್ಮಣ್ಣು ಬಂತು. ಊರಿನ ಕೋಟೆಯ ಕಂದಕವನ್ನೂ ಸುರಂಗ ಬಾವಿಯನ್ನೂ ಕೊರೆದದ್ದು ಈ ಕೆಂಪು ಮುರಕಲ್ಲಿನಲ್ಲಿ.

ನೇರ ಹೋದದ್ದು ಮಹಮೂದ್ ಗವಾನನ ಮದರಸಾಕ್ಕೆ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವನು ಗವಾನ್. 1472ರಲ್ಲಿ ಈ ವಿದ್ಯಾಶಾಲೆ ಕಟ್ಟಿಸಿದ. ಮೂರು ಅಂತಸ್ತು, ನಡುವೆ ಚೌಕದ ಅಂಗಳ, ನಾಲ್ಕು ದಿಕ್ಕಿಗೂ ಎತ್ತರದ ಕಮಾನುಗಳು, ಪಾಠಶಾಲೆ, ಮಸೀದಿ, ಗ್ರಂಥಾಲಯ, ಗುರುಗಳಿಗೂ ಶಿಷ್ಯರಿಗೂ ವಾಸದ ಕೋಣೆಗಳು. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಚರಿತ್ರೆ ಹೇಳುತ್ತದೆ. ಆರ್ಟ್ಸ್ ಕಾಲೇಜಿಗೂ ಇದಕ್ಕೂ ನಡುವೆ 467 ವರ್ಷ. ಆದರೆ ಕಟ್ಟಡದ ನಡುವೆ ಭಾರಿ ಕಮಾನೊಂದನ್ನು ನಿಲ್ಲಿಸಿ 'ಒಳಗೆ ಬಾ' ಎನ್ನುವ ರೀತಿ ಎರಡಕ್ಕೂ ಒಂದೇ.

ಉಳಿದಿರುವ ಒಂದು ಮಿನಾರಿನ ಬುಡದಲ್ಲಿ ನಾವು ಬಹಳ ಹೊತ್ತು ನಿಂತೆವು. ಮೈಮೇಲೆ ಕಡುನೀಲಿ, ತಿಳಿಹಸಿರು, ಹಳದಿ, ಬಿಳಿ ಹೆಂಚಿನ ತುಂಡುಗಳನ್ನು ಅಡ್ಡಡ್ಡ ಮುರಿಗೆಯಲ್ಲಿ ಜೋಡಿಸಿದ್ದಾರೆ. ಬಹಳಷ್ಟು ಉದುರಿವೆ. ಕೈಗೆ ಎಟುಕುವ ಎತ್ತರದಲ್ಲಿ ಒಂದು ಚೂರು ಮಾತ್ರ ಮಿರಮಿರ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಗಾಜಿನಂಥ ನೀಲಿ ಮೆರುಗು, ಒಡೆದ ಕಡೆ ಒಳಗಿನ ಒರಟು ಮಣ್ಣು. ಐನೂರೈವತ್ತು ವರ್ಷ ಮಳೆಬಿಸಿಲು ತಿಂದ ಬಣ್ಣ ಅದು.

ಕಟ್ಟಡದ ಒಂದು ಭಾಗ ಈಗಿಲ್ಲ. ಔರಂಗಜೇಬನ ಕಾಲದಲ್ಲಿ ಇಲ್ಲಿ ಸೈನ್ಯ ಬೀಡುಬಿಟ್ಟು, ಕೋಣೆಗಳಲ್ಲಿ ಮದ್ದು ತುಂಬಿಟ್ಟಿತ್ತು. 1696ರ ಸುಮಾರಿಗೆ ಅದು ಸಿಡಿದು ಮುಂಭಾಗದ ಒಂದು ಪಾಲು, ಇನ್ನೊಂದು ಮಿನಾರು ಹಾರಿಹೋದವು. ಅದಕ್ಕೂ ಮುಂಚೆಯೇ ಗವಾನನ ಕಥೆ ಮುಗಿದಿತ್ತು. ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನ ಮೂರನೆಯ ಮಹಮ್ಮದ್ ಷಾ 1481ರಲ್ಲಿ ಅವನ ತಲೆ ತೆಗೆಸಿದ. ಆ ಮೇಲೆ ಬಹಮನಿ ರಾಜ್ಯ ಉಳಿಯಲಿಲ್ಲ, ಐದು ಹೋಳಾಯಿತು.

"ಅಕ್ಕಾ, ಜೈನ್ ಯಾರ್ ಜಂಗ್ ಇದನ್ನು ನೋಡಿರಲೇಬೇಕಲ್ಲವೇ?" ಎಂದ ತಮ್ಮ. "ಕೈರೊಗೆ ಹೋಗಿ ಕಮಾನು ಹುಡುಕುವ ಮೊದಲು ಬೀದರಿಗೆ ಬಂದಿರುವುದಿಲ್ಲವೇ? ಅದೇ ಸಂಸ್ಥಾನ, ಅರ್ಧ ದಿನದ ದಾರಿ."

ಪ್ರಶ್ನೆ ನ್ಯಾಯವಾದದ್ದೇ. ಯಜ್ದಾನಿ ಬೀದರಿನ ಕಟ್ಟಡಗಳನ್ನು ಒಂದೊಂದಾಗಿ ಅಳೆದು ದಾಖಲಿಸಿದವರು. ಅದೇ ಸರ್ಕಾರದಲ್ಲಿ ಇವರು ವಾಸ್ತುಶಿಲ್ಪಿ. ಇಷ್ಟನ್ನು ಆಧಾರದ ಸಮೇತ ಹೇಳಬಹುದು. ಇದಕ್ಕಿಂತ ಮುಂದಿನದನ್ನು ಕಾಗದಪತ್ರ ನೋಡಿಯೇ ಹೇಳಬೇಕು. ಹೈದರಾಬಾದಿನ ದಾಖಲೆಗಳನ್ನು ಕನ್ನಡದ ಕಣ್ಣಿನಿಂದ ಓದುವ ಸಂಶೋಧಕರು ಹುಟ್ಟಲಿ ಎಂದು ನಾನು ತರಗತಿಯಲ್ಲಿ ಹೇಳುತ್ತಲೇ ಇರುತ್ತೇನೆ. ಉರ್ದು ಕಲಿಯದೆ ಅದು ಆಗುವುದಿಲ್ಲ. ಹಿಂದೆ ಒತ್ತಾಯಕ್ಕೆ ಕಲಿತರು, ಈಗ ಬೇಕೆಂದು ಕಲಿಯಬೇಕು. ಕಲಬುರಗಿಯಲ್ಲಿ 1980ರಿಂದ ನಮ್ಮದೇ ವಿಶ್ವವಿದ್ಯಾಲಯ ಇದೆ. ಆ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ.

ಸಂಜೆಯ ಕಲಬುರಗಿ ರೈಲಿಗೆ ಇನ್ನೂ ಹೊತ್ತಿತ್ತು. ತಮ್ಮ ಅಂಗಳದ ಉದ್ದಗಲವನ್ನು ಹೆಜ್ಜೆ ಹಾಕಿ ಅಳೆದು, ಮೊಬೈಲಿನಲ್ಲಿ ಒಂದು ಒರಟು ನಕ್ಷೆ ಬರೆದುಕೊಂಡ. ಅದರ ಪಕ್ಕದಲ್ಲೇ ಶುಕ್ರವಾರ ಬರೆದ ಆರ್ಟ್ಸ್ ಕಾಲೇಜಿನ ನಕ್ಷೆ ಇತ್ತು. ಎರಡನ್ನೂ ಹಿಡಿದುಕೊಂಡು ಮುಂದಿನ ರಜೆಗೆ ಎಲ್ಲೋರಕ್ಕೆ ಹೋಗುವುದು, ಹೋಗುವ ಮೊದಲು ಮಳಖೇಡದ ಕೋಟೆಯನ್ನು ಸರಿಯಾಗಿ ನೋಡುವುದು ಎಂದು ಗೊತ್ತು ಮಾಡಿಕೊಂಡೆವು.